ಆ್ಯಪ್‌ಗೆ ಉಣುಗು ಗೊತ್ತೆ?

ಐನೂರು ಎಂ.ಎಲ್. ಸಲೈನ್ ಎಂಟು ಗಂಟೆಯಲ್ಲಿ ರೋಗಿಯ ಮೈಸೇರಬೇಕು. ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು? ನರ್ಸಿಂಗ್ ಓದಲು ಹೋದವರಿಗೆ ಶುರುವಿನಲ್ಲೇ ಎದುರಾಗುವ ಲೆಕ್ಕ ಇದು. ಡ್ರಿಪ್ ಸೆಟ್ಟಿನ ಪೊಟ್ಟಣದ ಮೇಲೆ ಒಂದು ಎಂ.ಎಲ್.ಗೆ 20 ಹನಿ ಎಂದು ಬರೆದಿದ್ದರೆ, ಐನೂರನ್ನು ಇಪ್ಪತ್ತರಿಂದ ಗುಣಿಸಿ, ಎಂಟು ಗಂಟೆಯ 480 ನಿಮಿಷದಿಂದ ಭಾಗಿಸಬೇಕು. 20.8 ಬರುತ್ತದೆ. 21 ಎಂದು ಹಿಡಿದು, ಗಡಿಯಾರದ ಮೇಲೊಂದು ಕಣ್ಣು, ಹನಿಯ ಮೇಲೊಂದು ಕಣ್ಣು ಇಟ್ಟು ರೆಗ್ಯುಲೇಟರ್ ತಿರುಗಿಸಬೇಕು. ಹಿಂದಿನ ಸಿಸ್ಟರ್‌ಗಳು ಬಿಳಿ ಸೀರೆಯ ಎದೆಗೆ ಪಿನ್ನಿನಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ತಲೆಕೆಳಗಾದ ಗಡಿಯಾರ ಇದ್ದದ್ದೇ ಇದಕ್ಕೆ ಮತ್ತು ನಾಡಿ ಹಿಡಿಯುವುದಕ್ಕೆ.

ಈಗ ಆ ಲೆಕ್ಕ ಮಾಡಲು ಉಚಿತ ಆ್ಯಪ್‌ಗಳು ಬೇಕಾದಷ್ಟಿವೆ. ಮೂರು ಸಂಖ್ಯೆ ಒತ್ತಿದರೆ ಉತ್ತರ ಸಿದ್ಧ. ಆದರೆ ಮಕ್ಕಳಿಗೆ ಹಾಕುವ ಮೈಕ್ರೋ ಡ್ರಿಪ್ ಸೆಟ್ಟಿನಲ್ಲಿ ಒಂದು ಎಂ.ಎಲ್.ಗೆ 60 ಹನಿ. ಹಿಂದಿನ ರೋಗಿಗೆಂದು ಒತ್ತಿದ್ದ 60 ಆ್ಯಪ್‌ನಲ್ಲಿ ಹಾಗೆಯೇ ಉಳಿದಿತ್ತೆನ್ನಿ; ಕೈಯಲ್ಲಿರುವುದು 20 ಹನಿಯ ಸೆಟ್ಟು. ಆ್ಯಪ್ 63 ಹನಿ ಎನ್ನುತ್ತದೆ, ನರ್ಸಿಂಗ್ ಕಲಿಯುವ ಹುಡುಗಿ 63 ಹನಿ ಬಿಡುತ್ತಾಳೆ. ಎಂಟು ಗಂಟೆ ಹೋಗಬೇಕಾದ ಬಾಟಲಿ ಎರಡೂ ಮುಕ್ಕಾಲು ಗಂಟೆಯೊಳಗೆ ಖಾಲಿ. ಗಟ್ಟಿಮುಟ್ಟಾದ ಯುವಕನಾದರೆ ಒಂದೆರಡು ಸಲ ಹೆಚ್ಚು ಮೂತ್ರಕ್ಕೆ ಹೋಗಿ ಬಂದಾನು. ಹೃದಯ ಸೋತ ಅಜ್ಜಿಯಾದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಏದುಸಿರು ಬಿಡುತ್ತಾಳೆ. ಲೆಕ್ಕ ತಪ್ಪಿಲ್ಲ. ಪೊಟ್ಟಣವನ್ನು ತಿರುಗಿಸಿ ಓದಿಲ್ಲ, ಅಷ್ಟೆ. ಮೊಬೈಲಿನಿಂದ ನರ್ಸಿಂಗ್ ಕಲಿಸುವ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಪೊಟ್ಟಣ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬದ ಕಡೆಯ ಮಕ್ಕಳಿಗೆ ನರ್ಸಿಂಗ್ ಎಂದರೆ ಬೇಗ ಕೈಗೆ ಸಿಗುವ ಒಂದು ಉದ್ಯೋಗದ ದಾರಿ. ಭತ್ತ, ಜೋಳ, ಒಂದಿಷ್ಟು ಅಡಿಕೆ ಇರುವ ಮನೆಯ ಹುಡುಗಿ ಪಿಯುಸಿ ಮುಗಿಸಿ ಶಿವಮೊಗ್ಗಕ್ಕೋ ದಾವಣಗೆರೆಗೋ ಬೆಂಗಳೂರಿಗೋ ಹೊರಡುತ್ತಾಳೆ. ಈಗೀಗ ಹುಡುಗರೂ ಹೋಗುತ್ತಾರೆ. ವಾರ್ಡಿನಲ್ಲಿ ಅವರನ್ನು ‘ಬ್ರದರ್’ ಎನ್ನುತ್ತಾರೆ. ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ, ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಎಂಬ ಮೂರು ಮೆಟ್ಟಿಲು. ಬಿ.ಎಸ್ಸಿ.ಗೆ ಪರೀಕ್ಷೆ ನಡೆಸುವುದು 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದವಳಿಗೆ ಅಂಗರಚನೆ, ಔಷಧಶಾಸ್ತ್ರ, ಪ್ರಸೂತಿ ಎಲ್ಲವೂ ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ಅರ್ಥವಾಗದ್ದನ್ನು ಬಾಯಿಪಾಠ ಮಾಡುವ ಕಲೆ ಅಲ್ಲಿಂದಲೇ ಶುರು.

ಈ ಹುಡುಗಿಯ ಕೈಗೆ ಮೊಬೈಲ್ ಬಂದು ಬಹಳ ವರ್ಷವೇನೂ ಆಗಿಲ್ಲ. 2016ರ ನಂತರ ಡೇಟಾ ಅಗ್ಗವಾಯಿತು. 2020ರಲ್ಲಿ ಕೊರೊನಾ ಬಂದು ಕಾಲೇಜು ಮುಚ್ಚಿದಾಗ ಮೊಬೈಲೇ ತರಗತಿಯಾಯಿತು. ನರ್ಸಿಂಗ್‌ನಂಥ ಕೈಕೆಲಸದ ವಿದ್ಯೆಯನ್ನೂ ಆರಿಂಚಿನ ಪರದೆಯಲ್ಲಿ ಕಲಿತ ತಂಡವೊಂದು ಆಗ ತಯಾರಾಯಿತು. ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಕೂತು ಪಾಠ ಕೇಳಿದವರು ಮಲೆನಾಡಿನಲ್ಲಿ ಎಷ್ಟೋ ಮಂದಿ. ಶರಾವತಿ ಹಿನ್ನೀರಿನ ಕಡೆ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಕೂಗೇ ಎದ್ದಿತ್ತಲ್ಲ.

ಸಿಲಬಸ್ಸಿಗೇ ಬಂದ ಆ್ಯಪ್

ಕೊರೊನಾ ಹೋಯಿತು, ಮೊಬೈಲ್ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಪಠ್ಯಕ್ರಮದ ಒಳಗೇ ಬಂದು ಕೂತಿತು. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಹೊರಡಿಸಿದ ಬಿ.ಎಸ್ಸಿ. ನರ್ಸಿಂಗ್‌ನ ಹೊಸ ನಿಯಮಾವಳಿ ವಾರ್ಷಿಕ ಪದ್ಧತಿಯನ್ನು ಬಿಟ್ಟು ಸೆಮಿಸ್ಟರ್ ತಂದಿತು. ಆರೋಗ್ಯ ಮಾಹಿತಿ ತಂತ್ರಜ್ಞಾನವನ್ನು ಒಂದು ಪ್ರತ್ಯೇಕ ವಿಷಯವಾಗಿ ಸೇರಿಸಿತು. ಇನ್ನೂ ಕುತೂಹಲದ ಸಂಗತಿ ಏಳನೇ ಸೆಮಿಸ್ಟರಿನಲ್ಲಿದೆ. ಅಲ್ಲಿನ ಪ್ರಸೂತಿ ಪಾಠದ ಶೀರ್ಷಿಕೆಯಲ್ಲೇ ಒಂದು ಆ್ಯಪ್‌ನ ಹೆಸರಿದೆ. ಅದು ‘ಸೇಫ್ ಡೆಲಿವರಿ ಆ್ಯಪ್’.

ಡೆನ್ಮಾರ್ಕಿನ ಮೆಟರ್ನಿಟಿ ಫೌಂಡೇಶನ್ ಎಂಬ ಸಂಸ್ಥೆ ಅಲ್ಲಿನ ವಿಶ್ವವಿದ್ಯಾಲಯಗಳ ಜೊತೆ ಸೇರಿ ಮಾಡಿದ ಆ್ಯಪ್ ಇದು. ದುಡ್ಡು ಕೊಡಬೇಕಿಲ್ಲ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ನೆಟ್‌ವರ್ಕ್ ಬಂದು ಹೋಗುವ ಊರುಗಳಿಗೆ ಇದು ಸಣ್ಣ ಅನುಕೂಲವಲ್ಲ. ಒಳಗೆ ಏನಿದೆ? ಹೆರಿಗೆಯ ನಂತರದ ರಕ್ತಸ್ರಾವ, ಮಾಸು ಒಳಗೇ ಉಳಿಯುವುದು, ಗರ್ಭಿಣಿಯ ಬಿಪಿ ಏರಿ ಫಿಟ್ಸ್ ಬರುವುದು, ಹುಟ್ಟಿದ ಮಗು ಉಸಿರಾಡದಿರುವುದು, ಸೋಂಕು ತಡೆ ಹೀಗೆ ತಾಯಿ ಮಗುವಿನ ಜೀವ ತೆಗೆಯುವ ಸಂದರ್ಭಗಳಿಗೆ ಒಂದೊಂದು ಅಧ್ಯಾಯ. ಪ್ರತಿ ಅಧ್ಯಾಯಕ್ಕೂ ಕೆಲವೇ ನಿಮಿಷದ ಅನಿಮೇಷನ್ ಚಿತ್ರ. ಆಮೇಲೆ ಏನು ಮೊದಲು, ಏನು ಆಮೇಲೆ ಎಂದು ಹೇಳುವ ಚೀಟಿಗಳು, ಔಷಧಗಳ ಪಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಕಷ್ಟವಾಗುತ್ತ ಹೋಗುವ ಪ್ರಶ್ನೆಗಳು. ಎಲ್ಲ ದಾಟಿದರೆ ಪ್ರಮಾಣಪತ್ರ.

ಚಿತ್ರಗಳನ್ನು ಚೆನ್ನಾಗಿ ಮಾಡಿದ್ದಾರೆ. ರಕ್ತವಿದೆ, ರಾಡಿಯಿಲ್ಲ. ಗರ್ಭಕೋಶ ಹೇಗೆ ಕುಗ್ಗಿ ಗಟ್ಟಿಯಾಗಬೇಕು, ಮಗು ಹುಟ್ಟಿದ ಒಂದು ನಿಮಿಷದೊಳಗೆ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಯಾಕೆ ಚುಚ್ಚಬೇಕು ಎಂಬುದನ್ನು ಪಾರದರ್ಶಕ ಹೊಟ್ಟೆಯೊಳಗೆ ತೋರಿಸುತ್ತಾರೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯಲಾಗದ್ದು ಅದು. ಹೆರಿಗೆ ಕೋಣೆಯಲ್ಲಿ ಎಂಟು ಜನ ವಿದ್ಯಾರ್ಥಿನಿಯರ ಹಿಂದೆ ಕುತ್ತಿಗೆ ಉದ್ದ ಮಾಡಿ ನಿಂತವಳಿಗೆ ಕಾಣದ್ದೂ ಅದೇ.

ಇನ್ನೊಂದು ಲಾಭವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ್ಯಪ್ ಗದರುವುದಿಲ್ಲ. ‘ಇಷ್ಟೂ ಗೊತ್ತಿಲ್ವಾ, ಯಾಕ್ ಬಂದೆ ನರ್ಸಿಂಗಿಗೆ’ ಎನ್ನುವುದಿಲ್ಲ. ಇಂಗ್ಲಿಷಿನಲ್ಲಿ ಕೈಯೆತ್ತಿ ಪ್ರಶ್ನೆ ಕೇಳಲು ಅಂಜುವ ಆನವಟ್ಟಿಯ ಹುಡುಗಿ ಹಾಸ್ಟೆಲಿನ ಹಾಸಿಗೆಯಲ್ಲಿ ಅದೇ ಚಿತ್ರವನ್ನು ಹತ್ತು ಸಲ ನೋಡಬಹುದು. ನಮ್ಮಲ್ಲಿ ವಾರ್ಡಿನ ಪಾಠ ಅಂದರೆ ಅರ್ಧ ಪಾಠ, ಅರ್ಧ ಬೈಗುಳ. ಅದನ್ನು ದಾಟಿ ಬಂದ ಯಾವ ಶುಶ್ರೂಷಾಧಿಕಾರಿಯೂ ಈ ಮಾತನ್ನು ಅಲ್ಲಗಳೆಯಲಾರರು.

ಆ್ಯಪ್‌ನಿಂದ ನಿಜಕ್ಕೂ ಉಪಯೋಗವಾಗುತ್ತದೆಯೇ ಎಂದು ಇಥಿಯೋಪಿಯಾದ ಹಳ್ಳಿಗಾಡಿನ 73 ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಫಲಿತಾಂಶ 2016ರಲ್ಲಿ ‘ಜಾಮಾ ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂತು. ಕೆಲವು ಕೇಂದ್ರದವರಿಗೆ ಆ್ಯಪ್ ತುಂಬಿದ ಫೋನು ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ವರ್ಷದ ಬಳಿಕ ನೋಡಿದರೆ ಫೋನು ಸಿಕ್ಕವರಲ್ಲಿ ಉಸಿರಾಡದ ಮಗುವನ್ನು ಉಳಿಸುವ ಕೌಶಲ, ತಿಳಿವಳಿಕೆ ಎರಡೂ ಹೆಚ್ಚಿದ್ದವು. ಹುಟ್ಟುವ ಹೊತ್ತಿನ ಆಸುಪಾಸಿನ ಶಿಶು ಮರಣ ಫೋನಿದ್ದ ಕಡೆ ಸಾವಿರಕ್ಕೆ 14, ಇಲ್ಲದ ಕಡೆ 23. ಎದ್ದು ಕಾಣುವ ಅಂತರ. ಆದರೆ ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಅಳತೆಯಲ್ಲಿ ಇದು ಕಾಕತಾಳೀಯವೂ ಇರಬಹುದು ಎಂದು ಸಂಶೋಧಕರೇ ಒಪ್ಪಿಕೊಂಡರು. ಕೌಶಲ ಹೆಚ್ಚಿತು ಎಂಬುದು ಗಟ್ಟಿ. ಜೀವ ಉಳಿಯಿತು ಎಂಬುದು ಅಷ್ಟು ಗಟ್ಟಿಯಲ್ಲ. ಆ್ಯಪ್ ಮಾರುವವರ ಭಾಷಣದಲ್ಲಿ ಈ ಎರಡನೆಯ ಅರ್ಧ ಸಾಮಾನ್ಯವಾಗಿ ಕಳೆದುಹೋಗಿರುತ್ತದೆ. ಫೋನು ಕೊಟ್ಟರು ಎಂಬುದನ್ನೂ ಗಮನಿಸಿ. ನಮ್ಮ ವಿದ್ಯಾರ್ಥಿನಿ ತನ್ನದೇ ಫೋನಿನಲ್ಲಿ, ಚಿಕ್ಕಪ್ಪನ ಮಗಳ ಮದುವೆಯ ವಿಡಿಯೊಗಳನ್ನು ಅಳಿಸಿ ಜಾಗ ಮಾಡಿಕೊಳ್ಳಬೇಕು.

ಅಂಬು ಬ್ಯಾಗೂ ಹೆಬ್ಬೆರಳೂ

ಹುಟ್ಟಿದ ಮಗು ಅಳಲಿಲ್ಲ. ಒರೆಸಿ, ಬೆನ್ನು ಉಜ್ಜಿದರೂ ಉಸಿರಿಲ್ಲ. ಮೊದಲ ನಿಮಿಷ ಮುಗಿಯುವುದರೊಳಗೆ ಅಂಬು ಬ್ಯಾಗ್ ಎಂಬ ಒತ್ತುವ ಚೀಲದಿಂದ ಗಾಳಿ ಕೊಡಲು ಶುರುಮಾಡಬೇಕು. ಈ ನಿಮಿಷಕ್ಕೆ ಜಗತ್ತಿನ ಹೆರಿಗೆ ಕೋಣೆಗಳೆಲ್ಲ ‘ಗೋಲ್ಡನ್ ಮಿನಿಟ್’ ಎನ್ನುತ್ತವೆ. ನಿಮಿಷಕ್ಕೆ 40ರಿಂದ 60 ಸಲ ಒತ್ತಬೇಕು. ಇಷ್ಟನ್ನು ಆ್ಯಪ್ ಬಹಳ ಚೆನ್ನಾಗಿ ಹೇಳಿಕೊಡುತ್ತದೆ. ಮಾಸ್ಕ್ ಮೂಗು ಬಾಯಿ ಮುಚ್ಚಬೇಕು, ಕಣ್ಣಿನ ಮೇಲೆ ಕೂರಬಾರದು, ಕತ್ತು ತುಸುವೇ ಹಿಂದಕ್ಕಿರಬೇಕು ಎಂದು ತೋರಿಸುತ್ತದೆ.

ತೋರಿಸಲಾಗದ್ದು ಹೆಬ್ಬೆರಳು ತೋರುಬೆರಳಿನ ಒತ್ತಡ. ಹೆಚ್ಚು ಒತ್ತಿದರೆ ಪುಟ್ಟ ಗದ್ದ ಮಡಚಿ ಗಂಟಲೇ ಮುಚ್ಚುತ್ತದೆ. ಕಡಿಮೆ ಒತ್ತಿದರೆ ಅಂಚಿನಿಂದ ಗಾಳಿ ಸೋರುತ್ತದೆ. ಸೋರುವುದು ಕಣ್ಣಿಗಲ್ಲ, ಕೈಗೆ ಗೊತ್ತಾಗಬೇಕು. ಬ್ಯಾಗು ಹಗುರಾಗಿ ‘ಪುಸ್’ ಎನ್ನುತ್ತದೆ, ಎದೆ ಏಳುವುದಿಲ್ಲ. ಇದಕ್ಕೆಂದೇ ಕೌಶಲ ಪ್ರಯೋಗಾಲಯಗಳಲ್ಲಿ ರಬ್ಬರಿನ ಮಗು ಇಟ್ಟಿರುತ್ತಾರೆ. ಮಾಸ್ಕ್ ಸರಿಯಾಗಿ ಕೂತರೆ ಮಾತ್ರ ಅದರ ಎದೆ ಏಳುತ್ತದೆ. ಆ್ಯಪ್ ನೋಡಿ ಎಲ್ಲ ಪ್ರಶ್ನೆಗೂ ಸರಿಯುತ್ತರ ಒತ್ತಿದವಳು ಈ ಬೊಂಬೆಯ ಎದುರು ಮೊದಲ ಹತ್ತು ಸಲವೂ ಸೋಲುವುದುಂಟು. ಸೋತಾಗ ಪಕ್ಕದಲ್ಲಿ ನಿಂತವರು ಅವಳ ಬೆರಳನ್ನೇ ಹಿಡಿದು ಅರ್ಧ ಇಂಚು ಸರಿಸಬೇಕು. ಈಜು, ಮೃದಂಗ, ಜೇನು ಬಿಡಿಸುವುದು ಎಲ್ಲವೂ ಹೀಗೆಯೇ ಅಲ್ಲವೆ?

ಪಕ್ಕದಲ್ಲಿ ಒಬ್ಬರು ನಿಲ್ಲುವುದರಿಂದ ಏನಾಗುತ್ತದೆ ಎಂಬುದಕ್ಕೆ ಇಥಿಯೋಪಿಯಾಕ್ಕೆ ಹೋಗಬೇಕಿಲ್ಲ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಕೆನಡಾದ ಮಾನಿಟೋಬ ವಿಶ್ವವಿದ್ಯಾಲಯ ಸರ್ಕಾರದ ಜೊತೆ ನಡೆಸಿದ ‘ಸುಕ್ಷೇಮ’ ಯೋಜನೆಯಲ್ಲಿ, 2012ರಿಂದ 2014ರ ನಡುವೆ, ಬಳ್ಳಾರಿ ಮತ್ತು ಗುಲ್ಬರ್ಗ ಜಿಲ್ಲೆಗಳ ನೂರಕ್ಕೂ ಹೆಚ್ಚು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿನ ಕೇಂದ್ರಗಳಿಗೆ ಅನುಭವಿ ನರ್ಸ್‌ಗಳು ಮತ್ತೆ ಮತ್ತೆ ಹೋಗಿ, ಅಲ್ಲಿನ ಸಿಸ್ಟರ್‌ಗಳ ಜೊತೆಯೇ ಹೆರಿಗೆ ಕೋಣೆಯಲ್ಲಿ ನಿಂತು ಕೈ ತಿದ್ದಿದರು. ಸಾಮಾನು ಎಲ್ಲಿಡಬೇಕು, ಕೇಸ್ ಶೀಟು ಹೇಗೆ ತುಂಬಬೇಕು, ಯಾವಾಗ ದೊಡ್ಡಾಸ್ಪತ್ರೆಗೆ ಕಳಿಸಬೇಕು ಎಂಬುದನ್ನೆಲ್ಲ ಆಯಾ ಕೇಂದ್ರದ ಬೀರು, ಆಯಾ ಕೇಂದ್ರದ ಮಂಚದ ಎದುರೇ ಹೇಳಿಕೊಟ್ಟರು. ಆ ಪಾಲಿನ ಕೇಂದ್ರಗಳ ಸಿದ್ಧತೆ, ಅಲ್ಲಿನವರ ತಿಳಿವಳಿಕೆ ಇನ್ನೊಂದು ಪಾಲಿಗಿಂತ ಸ್ಪಷ್ಟವಾಗಿ ಮೇಲಿತ್ತು. ಆ ಕೆಲಸಕ್ಕೆ ಬೇಕಾದದ್ದು ಬಸ್ಸಿನಲ್ಲಿ ಹೋಗಿ, ಅಲ್ಲೇ ಉಳಿದು, ನಗುತ್ತಲೇ ತಪ್ಪು ತೋರಿಸಬಲ್ಲ ಒಬ್ಬ ಅನುಭವಿ.

ಹೀಗೆ ಓದೂ ಆರೈಕೆಯೂ ಒಂದೇ ಸೂರಿನಡಿ ಇರಬೇಕೆಂಬುದು ನಮ್ಮ ಸೀಮೆಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠದ ಬಗ್ಗೆ 1162ರ ಶಾಸನವೊಂದಿದೆ. ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುವ ಜಾಗ ಎಂದು ಅದನ್ನು ಬಣ್ಣಿಸುತ್ತ ಹೋಗುವ ಶಾಸನ, ಅದೇ ಉಸಿರಿನಲ್ಲಿ ಕುರುಡರಿಗೆ ಕುಂಟರಿಗೆ ಅನ್ನವಿಕ್ಕುವ, ದಿಕ್ಕಿಲ್ಲದ ರೋಗಿಗಳಿಗೆ ಮದ್ದು ಮಾಡುವ ತಾಣವೆಂದೂ ಹೇಳುತ್ತದೆ. ಬಳ್ಳಿಗಾವಿಗೆ ಬರುವ ಪ್ರವಾಸಿಗರಲ್ಲಿ ಶಿಲ್ಪದ ಫೋಟೊ ತೆಗೆಯುವವರೇ ಹೆಚ್ಚು; ಹತ್ತಿರದ ನರ್ಸಿಂಗ್ ಶಾಲೆಗಳು ಒಂದು ದಿನದ ಪ್ರವಾಸಕ್ಕೆ ಇಲ್ಲಿಗೇ ಬರಬಹುದು.

ನಿಜವಾದ ಆ್ಯಪ್ ಯಾವುದು?

ಸಿಲಬಸ್ಸಿನ ಆ್ಯಪ್ ಒಂದು, ಹುಡುಗಿಯರು ನಿಜಕ್ಕೂ ಬಳಸುವ ಆ್ಯಪ್ ಇನ್ನೊಂದು. ನರ್ಸಿಂಗ್ ಓದುವ ಯಾರ ಫೋನನ್ನಾದರೂ ತೆಗೆದು ನೋಡಿ. ವಾಟ್ಸ್‌ಆ್ಯಪ್ ಗುಂಪು, ಟೆಲಿಗ್ರಾಂನಲ್ಲಿ ಬಂದ ಪಿಡಿಎಫ್ ನೋಟ್ಸ್, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಯೂಟ್ಯೂಬ್. ಪರೀಕ್ಷೆಯ ಹಿಂದಿನ ರಾತ್ರಿ ನರ್ಸಿಂಗ್ ಶಿಕ್ಷಣ ನಡೆಯುವುದು ಇಲ್ಲೇ. ಇದರಲ್ಲಿ ಕೀಳೇನಿಲ್ಲ; ಗುಂಪಿಗೆ ನೋಟ್ಸ್ ಹಾಕುವ ಹಿರಿಯ ವಿದ್ಯಾರ್ಥಿನಿಯೇ ಎಷ್ಟೋ ಜನರ ಪಾಲಿನ ಗುರು.

ತೊಡಕು ಬರುವುದು ಯೂಟ್ಯೂಬಿನಲ್ಲಿ. ಕ್ಯಾನುಲಾ ಹಾಕುವುದು, ಗಾಯ ಕಟ್ಟುವುದು, ಮೂತ್ರನಾಳಕ್ಕೆ ಕೊಳವೆ ಹಾಕುವುದು ಹೇಗೆಂದು ಹುಡುಕಿದರೆ ಮೊದಲು ಸಿಗುವುದು ಹೆಚ್ಚಾಗಿ ಅಮೆರಿಕದ, ಇಂಗ್ಲೆಂಡಿನ ವಿಡಿಯೊ. ಅಲ್ಲಿ ಕೋಣೆಗೊಬ್ಬ ರೋಗಿ. ಮುಚ್ಚಳ ಬಿಚ್ಚಿದರೆ ಬೇಕಾದ್ದೆಲ್ಲ ಇರುವ ಒಮ್ಮೆ ಬಳಸಿ ಎಸೆಯುವ ಕಿಟ್. ನಮ್ಮ ತಾಲ್ಲೂಕು ಆಸ್ಪತ್ರೆಯ ವಾರ್ಡಿನಲ್ಲಿ ಟ್ರೇ ಒಂದು, ಮಂಚದ ಸುತ್ತ ಅತ್ತೆ, ನಾದಿನಿ, ಬುತ್ತಿ ತಂದ ಮೈದುನ. ಡ್ರಮ್ಮಿನಿಂದ ಚಿಮುಟದಲ್ಲಿ ಗಾಜ್ ತೆಗೆದು, ಇದ್ದಷ್ಟರಲ್ಲೇ ಸೋಂಕು ತಗಲದಂತೆ ಕೆಲಸ ಮಾಡುವುದು ಬೇರೆಯದೇ ವಿದ್ಯೆ. ಅದರ ವಿಡಿಯೊ ಮಾಡಿದವರು ಕಡಿಮೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಕಡೆ ಇಪ್ಪತ್ತು ವರ್ಷ ಕೆಲಸ ಮಾಡಿದ ಒಬ್ಬ ಸಿಸ್ಟರ್ ತಮ್ಮ ಟ್ರೇ ಜೋಡಿಸುವುದನ್ನು ಐದು ನಿಮಿಷ ಕನ್ನಡದಲ್ಲಿ ವಿವರಿಸುತ್ತ ತೋರಿಸಿದರೆ, ಅದು ಯಾವ ದೊಡ್ಡ ಕಂಪನಿಯ ಆ್ಯಪ್‌ಗಿಂತಲೂ ಹೆಚ್ಚು ಓಡೀತು ಎಂಬುದು ನನ್ನ ನಂಬಿಕೆ.

ನಂಜು ಅಂದರೆ ಯಾವ ನಂಜು?

ಈಗ ಮಾತಿನ ಪ್ರಶ್ನೆ. ಪ್ಲಾಸೆಂಟಾ ಎಂಬ ಪದವನ್ನು ಅನುವಾದದ ಆ್ಯಪ್‌ಗೆ ಕೊಟ್ಟರೆ ‘ಜರಾಯು’ ಎಂದೀತು. ಸೊರಬದ ಯಾವ ಬಾಣಂತಿಯೂ ಜರಾಯು ಎಂದದ್ದನ್ನು ನಾನು ಕೇಳಿಲ್ಲ. ‘ಮಾಸು ಬಿತ್ತಾ’, ‘ಕಸ ಬಿತ್ತಾ’ ಎಂದು ಕೇಳಬೇಕು. ತಿಂಗಳ ಮುಟ್ಟಿನ ಬಗ್ಗೆ ಕೇಳಿದರೆ ‘ಹೊರಗಾಗಿ ಎರಡು ತಿಂಗಳಾಯ್ತು’ ಎಂದು ದನಿ ತಗ್ಗಿಸಿ ಹೇಳುತ್ತಾರೆ. ‘ಹೊಟ್ಟೆ ತೊಳಸ್ತದೆ’, ‘ಕಣ್ಣು ಮಂಜಾಗ್ತದೆ’, ‘ಸಂಕಟ ಆಗ್ತದೆ’. ಈ ಸಂಕಟ ವಾಂತಿ ಬರುವ ಸಂಕಟವೂ ಹೌದು, ಎದೆಯ ಸಂಕಟವೂ ಹೌದು, ಮನಸ್ಸಿನದೂ ಆಗಬಹುದು. ಇಂಗ್ಲಿಷಿನಲ್ಲಿ ರೋಗಲಕ್ಷಣಗಳ ಪಟ್ಟಿ ಬಾಯಿಪಾಠ ಮಾಡಿದವಳಿಗೆ ತನ್ನದೇ ಅಜ್ಜಿಯ ಮಾತು ಪರೀಕ್ಷೆಯ ಉತ್ತರಕ್ಕೆ ಹೊಂದಿಕೆಯಾಗುವುದಿಲ್ಲ.

ನಂಜು ಎಂಬ ಒಂದೇ ಪದವನ್ನು ನೋಡಿ. ಗಾಯ ಕೀವಾದರೆ ನಂಜು. ಹಾವು ಕಚ್ಚಿದರೆ ಏರುವುದೂ ನಂಜು. ಬದನೆಕಾಯಿ ತಿಂದರೆ ನಂಜು ಎಂದು ಬಾಣಂತಿಯ ಬಾಯಿ ಕಟ್ಟುತ್ತಾರೆ. ‘ಬಾಣಂತಿ ನಂಜು’ ಎಂದರೆ ಜ್ವರ, ದುರ್ವಾಸನೆಯ ಸ್ರಾವ, ಜೀವಕ್ಕೇ ಎರವಾಗುವ ಸೋಂಕು. ಸೇಫ್ ಡೆಲಿವರಿ ಆ್ಯಪ್‌ನಲ್ಲಿ ಇದಕ್ಕೆ ಅಧ್ಯಾಯವಿದೆ. ಆದರೆ ಅಧ್ಯಾಯದ ಬಾಗಿಲಿಗೆ ಹಾಕಿರುವ ಹೆಸರು ‘ಮೆಟರ್ನಲ್ ಸೆಪ್ಸಿಸ್’. ‘ನಮ್ಮ ಹುಡ್ಗಿಗೆ ನಂಜಾಗಿದೆ ಸಿಸ್ಟರಮ್ಮ’ ಎಂದು ಒಬ್ಬ ತಾಯಿ ಅಳುತ್ತ ಬಂದಾಗ, ಇದು ಬದನೆಕಾಯಿಯ ನಂಜೋ, ಗಂಟೆಯೊಳಗೆ ಆ್ಯಂಟಿಬಯೊಟಿಕ್ ಶುರುಮಾಡಬೇಕಾದ ನಂಜೋ ಎಂದು ಬಿಡಿಸಿ ಕೇಳಬಲ್ಲವಳೇ ಸರಿಯಾದ ಬಾಗಿಲು ತಟ್ಟಿಯಾಳು.

ಕನ್ನಡವೊಂದೇ ಸಾಲದು ಎಂಬುದೂ ಇಲ್ಲಿನವರಿಗೆ ಗೊತ್ತು. ಶಿಕಾರಿಪುರ ತಾಲ್ಲೂಕಿನ ತಾಂಡಾಗಳಲ್ಲಿ ಲಂಬಾಣಿ, ಶಿರಾಳಕೊಪ್ಪದ ಓಣಿಗಳಲ್ಲಿ ಉರ್ದು. ಅದೇ ತಾಂಡಾದಿಂದ ಬಂದ ನರ್ಸಿಂಗ್ ವಿದ್ಯಾರ್ಥಿನಿ ವಾರ್ಡಿನಲ್ಲಿದ್ದರೆ ಆ ದಿನ ಇಡೀ ವಾರ್ಡಿಗೆ ಅವಳೇ ಅನುವಾದದ ಆ್ಯಪ್. ಅಂಕಪಟ್ಟಿಯಲ್ಲಿ ಅದಕ್ಕೊಂದು ಅಂಕವೂ ಇಲ್ಲ.

ಸೊರಬದ ಪಾಠ ಸೊರಬಕ್ಕೇ ಇಲ್ಲ

ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಸೊರಬ ತಾಲ್ಲೂಕಿನ ಒಂದು ಹೆಸರಿದೆ. ಕ್ಯಾಸನೂರು. 1957ರಲ್ಲಿ ಆ ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೆ ಮೈ ಸುಡುವ ಜ್ವರ ಬಂತು. ಆಫ್ರಿಕಾ, ಅಮೆರಿಕದ ಹಳದಿ ಜ್ವರ ಭಾರತಕ್ಕೆ ಬಂದುಬಿಟ್ಟಿತೇ ಎಂಬ ಗಾಬರಿಯಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿಬಂದರು. ನೋಡಿದರೆ ಅದಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗು ಕಚ್ಚಿ ಬರುವ ಮಿದುಳು ಜ್ವರದ ದಾಯಾದಿಯಾದ ಹೊಸದೊಂದು ವೈರಸ್. ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಹೆಸರಿಟ್ಟರು. ನಮಗೆ ಅದು ಮಂಗನ ಕಾಯಿಲೆ.

ಹೆಸರು ಮಂಗನದು, ತರುವುದು ಉಣುಗು. ಮಂಗ ನಮ್ಮಂತೆಯೇ ಅದರ ಬಲಿ. ಮಳೆ ಮುಗಿದು ಕಾಡು ಒಣಗತೊಡಗಿದಂತೆ ಕಣ್ಣಿಗೆ ಸುಲಭಕ್ಕೆ ಕಾಣದಷ್ಟು ಚಿಕ್ಕ ಮರಿ ಉಣುಗುಗಳು ತರಗೆಲೆಯಲ್ಲಿ ತುಂಬಿಕೊಳ್ಳುತ್ತವೆ. ಸೊಪ್ಪಿಗೆ, ಸೌದೆಗೆ, ದನ ಹೊಡೆದುಕೊಂಡು ಬರಲು ಹೋದವರ ಮೈಗೆ ಹತ್ತುತ್ತವೆ. ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ, ತಲೆ ಸಿಡಿತ, ಸೊಂಟ ಮೀನಖಂಡಗಳ ನೋವು; ಕೆಲವರಿಗೆ ಒಸಡಿನಲ್ಲಿ, ಮೂಗಿನಲ್ಲಿ ರಕ್ತ. ಸೋಂಕಾದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಇದಕ್ಕೆಂದೇ ಒಂದು ಔಷಧವಿಲ್ಲ. ಹಾಗಾಗಿ ಉಳಿಸುವುದು ಹೆಚ್ಚಾಗಿ ಆರೈಕೆ, ಅಂದರೆ ನರ್ಸಿಂಗ್. ದ್ರವ ಕೊಡುವುದು, ರಕ್ತಸ್ರಾವದ ಮೇಲೆ ಕಣ್ಣಿಡುವುದು, ಆಸ್ಪಿರಿನ್ ಜಾತಿಯ ನೋವಿನ ಮಾತ್ರೆಗಳನ್ನು ದೂರವಿಡುವುದು, ಸುಮ್ಮಸುಮ್ಮನೆ ಸೊಂಟಕ್ಕೆ ಇಂಜೆಕ್ಷನ್ ಚುಚ್ಚದಿರುವುದು. ‘ಜ್ವರಕ್ಕೊಂದು ಸೂಜಿ ಹಾಕಿ’ ಎಂದು ರೋಗಿಯೇ ಕಾಡುವ ನಮ್ಮೂರುಗಳಲ್ಲಿ ಈ ಕೊನೆಯದು ಎಷ್ಟು ಕಷ್ಟವೆಂದು ಬಲ್ಲವರೇ ಬಲ್ಲರು.

ಇನ್ನೂ ಒಂದು ಸೂಕ್ಷ್ಮವಿದೆ. ಶೇಕಡಾ ಹತ್ತರಿಂದ ಇಪ್ಪತ್ತು ರೋಗಿಗಳಲ್ಲಿ ಜ್ವರ ಬಿಟ್ಟು, ಒಂದೆರಡು ವಾರ ಆರಾಮಾಗಿದ್ದು, ಮತ್ತೆ ಮರುಕಳಿಸುತ್ತದೆ. ಈ ಸಲ ತಲೆನೋವಿನ ಜೊತೆ ಕೈ ನಡುಕ, ಕಣ್ಣು ಮಂಜು, ಮನಸ್ಸಿನ ಕಲಕು. ವಾರ್ಡಿನಿಂದ ಮನೆಗೆ ಕಳಿಸುವಾಗ ಇದನ್ನು ಹೇಳಿ ಕಳಿಸಬೇಕಾದವರು ಸಿಸ್ಟರ್. ಹೇಳದಿದ್ದರೆ ಎರಡನೆಯ ಸುತ್ತಿಗೆ ರೋಗಿ ಆಸ್ಪತ್ರೆಗಲ್ಲ, ಗಾಳಿ ಸೋಕಿತೆಂದು ಬೇರೆಲ್ಲಿಗೋ ಹೋದಾನು.

ಕೋಪನ್‌ಹೇಗನ್‌ನಲ್ಲಿ ಕೂತು ಮಾಡಿದ ಆ್ಯಪ್‌ನಲ್ಲಿ ಇದು ಇರಲಿ ಎಂದು ಬಯಸುವುದು ತಪ್ಪು. ಹೆರಿಗೆ ಎಲ್ಲ ದೇಶದಲ್ಲೂ ಒಂದೇ ಥರ, ಉಣುಗು ಹಾಗಲ್ಲ. ಆದರೆ ಆ್ಯಪ್ ಎಂಬ ಸಾಧನದ ನಿಜವಾದ ಬಲ ಕಾಣುವುದು ಇಂಥ ರೋಗದಲ್ಲೇ. ಪುಸ್ತಕ ಒಮ್ಮೆ ಅಚ್ಚಾದರೆ ಆಯಿತು. ಮಂಗನ ಕಾಯಿಲೆಗೆ ಲಸಿಕೆ ಹಾಕಿಸಿಕೊಳ್ಳಿ ಎಂದು ಹೇಳುವ ಹಳೆಯ ಪಾಠಗಳು ಇನ್ನೂ ಓಡಾಡುತ್ತಿವೆ. ದಶಕಗಳ ಕಾಲ ಕೊಟ್ಟ ಆ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಿಯಾಗಿದೆ. ಹೆರಿಗೆಯ ವಿಷಯದಲ್ಲೂ ಅಷ್ಟೆ. ನೋವು ಚುರುಕಾಗುವ ಹಂತ ಗರ್ಭಕೋಶದ ಬಾಯಿ 4 ಸೆಂ.ಮೀ. ತೆರೆದಾಗ ಶುರು ಎಂದು ತಲೆಮಾರುಗಳು ಓದಿದವು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಹೊಸ ಹೆರಿಗೆ ಪಟ್ಟಿ 5 ಸೆಂ.ಮೀ. ಎನ್ನುತ್ತದೆ. ಆ್ಯಪ್‌ನಲ್ಲಿ ಒಬ್ಬರು ಒಂದು ಕಡೆ ತಿದ್ದಿದರೆ ಸೊರಬ ತಾಲ್ಲೂಕಿನ ಜಡೆಯ ಆರೋಗ್ಯ ಕೇಂದ್ರದಲ್ಲೂ ಉಳವಿಯ ಆರೋಗ್ಯ ಕೇಂದ್ರದಲ್ಲೂ ಮರುದಿನವೇ ತಿದ್ದಿದಂತೆ. ಸಾಗರ ತಾಲ್ಲೂಕಿನ ಅರಲಗೋಡಿನ ಸುತ್ತ 2018ರ ಕೊನೆಯಲ್ಲಿ ಮಂಗನ ಕಾಯಿಲೆ ಉಲ್ಬಣಿಸಿದ ಮೇಲೆ, ಯಾವ ಕಾಡಂಚಿನಲ್ಲಿ ಅಪಾಯ ಹೆಚ್ಚು ಎಂದು ಭಾರತ, ಬ್ರಿಟನ್ನಿನ ವಿಜ್ಞಾನಿಗಳು ಸೇರಿ ನಕ್ಷೆಗಳನ್ನೇ ಮಾಡಿದ್ದಾರೆ. ಆ ನಕ್ಷೆ, ರಕ್ತದ ಮಾದರಿ ತೆಗೆಯುವ ಕ್ರಮ, ಮನೆಗೆ ಕಳಿಸುವಾಗ ಹೇಳಬೇಕಾದ ನಾಲ್ಕು ಮಾತು ಇವೆಲ್ಲ ಕನ್ನಡದಲ್ಲಿ ಒಂದು ಚಿಕ್ಕ ಆ್ಯಪ್‌ನಲ್ಲಿದ್ದರೆ ಸೊರಬ, ಸಾಗರ, ತೀರ್ಥಹಳ್ಳಿಗೆ ಬರುವ ಪ್ರತಿ ವಿದ್ಯಾರ್ಥಿನಿಯೂ ನವೆಂಬರಿನೊಳಗೆ ಅದನ್ನು ಓದಿ ಬರಬಹುದು. ಖರ್ಚೂ ದೊಡ್ಡದಲ್ಲ.

ಮಾಸು, ನಂಜಿನಂಥ ಊರ ಪದಗಳನ್ನು ಕೂಡಿಸುವುದಕ್ಕಂತೂ ಕಂಪನಿಯೇ ಬೇಕಿಲ್ಲ. ಸಮುದಾಯ ಆರೋಗ್ಯದ ಪಾಠಕ್ಕೆಂದು ವಿದ್ಯಾರ್ಥಿನಿಯರನ್ನು ಹಳ್ಳಿಗಳಿಗೆ ಕಳಿಸಲೇಬೇಕು. ಮನೆ ಮನೆ ತಿರುಗಿ ಬರುವಾಗ ದಿನಕ್ಕೈದು ಮಾತು, ನೋವಿನದು, ಬಸಿರಿನದು, ಜ್ವರದ್ದು, ಹೇಳಿದವರ ಒಪ್ಪಿಗೆ ಪಡೆದು ಅವರ ದನಿಯಲ್ಲೇ ಫೋನಿಗೆ ತುಂಬಿಕೊಂಡರೆ ಎರಡು ತಂಡಗಳೊಳಗೆ ಒಂದು ನಿಘಂಟು ಆಗುತ್ತದೆ. ಮುಂದಿನ ವರ್ಷ ಕೊಡಗಿನಿಂದಲೋ ಕೇರಳದಿಂದಲೋ ಬರುವ ವಿದ್ಯಾರ್ಥಿನಿಗೆ ಅದು ಮೊದಲ ಪಾಠ.

ಸಿಸ್ಟರ್ ಕೈಯಲ್ಲಿ ಫೋನು

ಎಷ್ಟೋ ವಾರ್ಡುಗಳಲ್ಲಿ ವಿದ್ಯಾರ್ಥಿಗಳು ಫೋನು ತರುವಂತಿಲ್ಲ. ನಿಯಮ ಮಾಡಿದವರನ್ನು ಹಳೆಕಾಲದವರೆಂದು ತಳ್ಳಿಹಾಕಲಾಗದು. ಹೆರಿಗೆ ಕೋಣೆಯಲ್ಲಿ ಕ್ಯಾಮೆರಾ ಇರುವ ವಸ್ತು ಇರಬಾರದು ಎಂಬುದು ನ್ಯಾಯವೇ. ಫೋನಿನ ಗಾಜು ಎಷ್ಟು ಕೈ ದಾಟಿ ಬಂದಿರುತ್ತದೋ. ಕೈ ತೊಳೆದ ಮೇಲೆ ಅದನ್ನು ಮುಟ್ಟಿದರೆ ತೊಳೆದದ್ದು ವ್ಯರ್ಥ. ಮತ್ತೆ, ರೋಗಿಯ ಕಣ್ಣಿಗೆ ಕಾಣುವುದೇನು? ವಿದ್ಯಾರ್ಥಿನಿ ಔಷಧದ ಪ್ರಮಾಣವನ್ನೇ ನೋಡುತ್ತಿರಬಹುದು. ಮಂಚದ ಮೇಲೆ ನರಳುವವನಿಗೆ ಮಾತ್ರ ಸಿಸ್ಟರ್ ರೀಲ್ಸ್ ನೋಡುತ್ತಿದ್ದಾರೆ. ಮನೆಯವರೊಬ್ಬರನ್ನು ದಾಖಲಿಸಿದ್ದಾಗ ಹಾಗೆ ಅಂದುಕೊಂಡು ನಾನೂ ಒಮ್ಮೆ ಸಿಟ್ಟಾಗಿದ್ದೆ. ಆ ಹುಡುಗಿ ಪರದೆ ತಿರುಗಿಸಿ ತೋರಿಸಿದಳು. ಹನಿಯ ಲೆಕ್ಕ! ನಾಚಿಕೆಯಾಯಿತು. ತೆರೆದ ಪೊಟ್ಟಣವೂ ಅವಳ ಎಡಗೈಯಲ್ಲೇ ಇತ್ತು.

ಕೆಲವು ಶಿಕ್ಷಕಿಯರು ಮಾಡುವ ಸುಲಭದ ಉಪಾಯವೆಂದರೆ ಬಾಯಿಬಿಟ್ಟು ಹೇಳಿ ನೋಡುವುದು. ‘ಅಮ್ಮಾ, ನಿಮ್ಮ ಮಾತ್ರೆ ಎಷ್ಟು ಕೊಡಬೇಕಂತ ಇದರಲ್ಲಿ ನೋಡ್ತಾ ಇದೀನಿ’ ಎಂದರೆ ರೋಗಿಯೂ ಇಣುಕುತ್ತಾರೆ, ಪಾಠ ಇಬ್ಬರಿಗೂ ಆಗುತ್ತದೆ.

ಕೊನೆಗೆ ಒಂದೇ ಮಾತು ಎರಡು ವಾರ್ಡಿನಲ್ಲಿ ಹೇಗೆ ಬೇರೆಯಾಗುತ್ತದೆ ನೋಡಿ. ‘ತಲೆ ಸಿಡೀತದೆ ಸಿಸ್ಟರೇ.’ ಎಂಟು ತಿಂಗಳ ಬಸುರಿ ಹೀಗೆಂದರೆ ಆ್ಯಪ್ ಕಲಿತವಳಿಗೆ ಮುಂದಿನ ಹೆಜ್ಜೆ ಗೊತ್ತು. ಬಿಪಿ ನೋಡಬೇಕು, ಕಣ್ಣು ಮಂಜಾಗುತ್ತದೆಯೇ, ಎದೆಗುಂಡಿಗೆ ಕೆಳಗೆ ನೋವಿದೆಯೇ ಕೇಳಬೇಕು, ಫಿಟ್ಸ್ ಬರುವ ಮುಂಚೆ ಮೆಗ್ನೀಷಿಯಂ ಸಲ್ಫೇಟ್ ಸಿದ್ಧವಿಟ್ಟು ಡಾಕ್ಟರಿಗೆ ಹೇಳಬೇಕು. ಪ್ರಶ್ನೆಯಲ್ಲಿ ನಾಲ್ಕು ಆಯ್ಕೆಯಿದ್ದರೆ ಅವಳು ಸರಿಯಾದದ್ದನ್ನೇ ಒತ್ತುತ್ತಾಳೆ. ಜನವರಿಯ ಒಂದು ಬೆಳಗ್ಗೆ ಸೊರಬದ ಕಾಡಂಚಿನ ಊರಿನಿಂದ ಬಂದು, ಕಂಬಳಿ ಹೊದ್ದು, ಕೆಂಪು ಕಣ್ಣು ಬಿಟ್ಟುಕೊಂಡು ಕೂತ ನಲವತ್ತರ ಹೆಂಗಸೂ ಅದೇ ಮಾತು ಹೇಳುತ್ತಾಳೆ. ಇಲ್ಲಿ ಯಾವ ಅಧ್ಯಾಯವೂ ತೆರೆದುಕೊಳ್ಳುವುದಿಲ್ಲ. ಹುಡುಗಿ ಫೋನನ್ನು ಜೇಬಿಗೆ ಹಾಕಿ, ಸ್ಟೂಲು ಎಳೆದುಕೊಂಡು ಹತ್ತಿರ ಕೂತು ಕೇಳಬೇಕು:

‘ಅಕ್ಕಾ, ಹೋದ ವಾರ ಸೊಪ್ಪಿಗೆ ಬೆಟ್ಟದ ಕಡೆ ಹೋಗಿದ್ರಾ?’